ಹಡಗು ಸುತ್ತಿ ಹೋದ್ರ ನನ್ನ ಬಿಲ್ ಯಾಕ ನಿಲ್ಲಬೇಕ್ರಿ?

ಗೋಕುಲ ರೋಡ್ ಲೇಥ್:
ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ನಂದು ಸಣ್ಣ ವರ್ಕ್‌ಶಾಪ್. ಎರಡು ಸಿಎನ್‌ಸಿ (ಕಂಪ್ಯೂಟರ್ ಮಷೀನು), ಒಂದು ಹಳೇ ಲೇಥು, ಐದು ಮಂದಿ ಹುಡುಗ್ರು. ವಾಲ್ವ್ ಮಾಡೋ ಕಂಪನಿಯೊಂದಕ್ಕ ವಾಲ್ವಿನ ಬಾಡಿ, ಅದರ ಮ್ಯಾಲಿನ ಮುಚ್ಚಳ ಅಂದ್ರ ಬಾನೆಟ್, ಜಾಬ್‌ವರ್ಕ್ ಮಾಡಿ ಕೊಡ್ತೀವಿ. ಅವರ ಮಾಲು ಯುರೋಪಿಗೆ ಹೋಗತೈತಿ. ನಾಲ್ಕು ತಿಂಗಳಿಂದ ಒಂದು ರೂಪಾಯಿ ಬಂದಿಲ್ಲ. ಕೇಳಿದ್ರ, "ಕೆಂಪು ಸಮುದ್ರದಾಗ ಗದ್ದಲ, ಹಡಗು ಆಫ್ರಿಕಾ ಸುತ್ತಿ ಹೋಗೇತಿ, ರೊಕ್ಕ ಬಂದ ಮ್ಯಾಲ ಕೊಡ್ತೀವಿ" ಅಂತಾರ. ಹೋದ ವಾರ ಅವರ ಅಂಗಳಕ್ಕ ಹೋಗಿದ್ದೆ. ನಾವು ಕಡದ ಬಾಡಿಗಳು ಪೇಂಟ್ ಹಚ್ಚಿಸ್ಕೊಂಡು, ಫ್ಲ್ಯಾಂಜಿಗೆ ಹಳದಿ ಮುಚ್ಚಳ ಹಾಕಿಸ್ಕೊಂಡು ಇನ್ನೂ ಅಲ್ಲೇ ಕುಂತಿದ್ದವು. ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ಹುಡುಗರ ಪಗಾರಕ್ಕ ಮನ್ಯಾಗಿನ ಬಂಗಾರ ಇಟ್ಟೀನಿ. ಏನ್ ಮಾಡ್ಲಿ?

ಕಂಟೇನರ್ ಕೆಲಸದಾಂವ:
ಅಣ್ಣಾರ, ಸುತ್ತಿ ಹೋಗೋದು ಖರೇನ ಐತಿ. 2023ರ ನವೆಂಬರದಾಗ ಯೆಮೆನ್ ದೇಶದ ಹೂತಿ ಬಂಡುಕೋರರು ಕೆಂಪು ಸಮುದ್ರದಾಗ ಗ್ಯಾಲಕ್ಸಿ ಲೀಡರ್ ಹಡಗು ಹಿಡಿದ ಮ್ಯಾಲ ದೊಡ್ಡ ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣ ತುದಿ ಕೇಪ್ ಆಫ್ ಗುಡ್ ಹೋಪ್ ದಾರಿ ಹಿಡಿದ್ವು. ಬಾಡಿಗಿ ಏರಿತು, ಯುದ್ಧದ ವಿಮೆನೂ ಏರಿತು. ಆದ್ರ ದಾರಿ ಹೆಚ್ಚಾಗೋದು 10ರಿಂದ 14 ದಿನ. ಎರಡು ವಾರದ ಸುತ್ತು ನಾಲ್ಕು ತಿಂಗಳು ಹೆಂಗ ಆಗತೈತಿ? ಅಂಗಳದಾಗ ಇರೋ ಮಾಲಂತೂ ಹಡಗು ಹತ್ತೇ ಇಲ್ಲ.

ಧಾರವಾಡ ಲೆಕ್ಕಪತ್ರ:
ಅವರಿಗೆ ಯುರೋಪಿಂದ ರೊಕ್ಕ ಬರೋದಕ್ಕೂ ನಿಮಗ ಕೊಡೋದಕ್ಕೂ ಕಾಯ್ದೆದಾಗ ಸಂಬಂಧನ ಇಲ್ರಿ. ರಫ್ತು ಮಾಡೋರಿಗೆ ಯುದ್ಧ, ಗಿರಾಕಿ ದಿವಾಳಿ ಎಲ್ಲಾದಕ್ಕೂ ಇಸಿಜಿಸಿ ಅಂತ ಕೇಂದ್ರ ಸರ್ಕಾರದ ಕಂಪನಿಯ ವಿಮೆ ಸಿಗತೈತಿ. ನಿಮಗ ಏನೈತಿ? ಸಣ್ಣ ಉದ್ಯಮದವರಿಗೆ 2006ರ ಎಂಎಸ್‌ಎಂಇ ಕಾಯ್ದೆ ಐತಿ. ಸರ್ಕಾರದ ಉದ್ಯಮ್ ನೋಂದಣಿ (ಸಣ್ಣ ಉದ್ಯಮದ ನೋಂದಣಿ) ಮೊದಲ ಮಾಡ್ಸಿದ್ರ, ಬರದ ಕರಾರು ಇದ್ರೂ ಮಾಲು ಒಪ್ಪಿದ ಮ್ಯಾಲ ರೊಕ್ಕ ಕೊಡಾಕ 45 ದಿನ ದಾಟಂಗಿಲ್ಲ, ಕರಾರು ಇಲ್ಲಂದ್ರ 15 ದಿನ. ದಾಟಿದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇನ್ನೊಂದು ಮಾತು, ಹೊತ್ತು ಮೀರಿಸಿದ ಬಿಲ್ಲು ಕೊಡೋತನಕ ಆದಾಯ ತೆರಿಗ್ಯಾಗ ಅದನ್ನ ಖರ್ಚು ಅಂತ ತೋರ್ಸಾಕ ಬರಂಗಿಲ್ಲ. ಅವರ ಅಕೌಂಟೆಂಟಿಗೆ ಇಷ್ಟ ನೆನಪು ಮಾಡ್ರಿ, ಮಾಲಕರಿಗಿಂತ ಮೊದಲ ಅವರ ಎದ್ದು ಕುಂದರ್ತಾರ.

ಗೋಕುಲ ರೋಡ್ ಲೇಥ್:
ಉದ್ಯಮ್ ನೋಂದಣಿ ಮೂರು ವರ್ಷದ ಹಿಂದ ಮಾಡ್ಸೀನಿ. ಈ ಕಾಯ್ದೆ ಹಿಡಿದು ದೂರು ಕೊಟ್ರ ಮುಂದಿನ ಆರ್ಡರ್ ಕೊಡಂಗಿಲ್ಲ ಅನ್ನೋದ ಚಿಂತಿ, ನನ್ನ ಕೆಲಸದ ಮುಕ್ಕಾಲು ಪಾಲು ಅವರದ. ಮಾಲು ಮುಟ್ಟಿಸಿದ ಚಲನ್ ತಗದು ನೋಡಿದೆ, ಎರಡರ ಮ್ಯಾಲ ಸೀಲ್ ಇಲ್ಲ, ಗೇಟಿನವರ ಸಹಿ, ತಾರೀಖು ಅಷ್ಟ ಐತಿ. ನಡೀತೈತೇನ್ರಿ?

ಧಾರವಾಡ ಲೆಕ್ಕಪತ್ರ:
ನಡೀತೈತ್ರಿ. ಮಾಲು ಮುಟ್ಟಿದ 15 ದಿನದಾಗ ಅವರು ಬರವಣಿಗ್ಯಾಗ ತಕರಾರು ಮಾಡಿಲ್ಲಂದ್ರ ಮಾಲು ಮುಟ್ಟಿದ ದಿನಾನ ಒಪ್ಪಿದ ದಿನ ಅಂತ ಲೆಕ್ಕಕ್ಕ. ಈಗ ದೂರು ಬ್ಯಾಡ. ಬಿಲ್ವಾರು ಬಡ್ಡಿ ಹಾಕಿ ಒಂದು ಪತ್ರ ಬರೀರಿ, ಒಯ್ದು ಕೊಟ್ಟು ಪೋಚು (ಮುಟ್ಟಿದ್ದಕ್ಕ ಸಹಿ) ತಗೋರಿ. ಚಲನ್ ಎಲ್ಲಾ ಫೋಟೊ ಹೊಡದು ಇಟ್ಕೋರಿ, ಆ ಕಾಗದದ ಮಸಿ ಲಗೂನ ಹಾರತೈತಿ.