ಸಹಾಯ ಬೇಕು: ವಿಶೇಷ ರಕ್ತ ಸಂಗ್ರಹ ನೆನಪಲ್ಲಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಫ್ಲೆಬಾಟಮಿ (ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ) ವಿದ್ಯಾರ್ಥಿ. ಮಾಮೂಲಿ ರಕ್ತ ತೆಗೆಯುವುದು ಈಗ ಕೈಗೆ ಹತ್ತಿದೆ. ವಿಶೇಷ ಪರೀಕ್ಷೆಗಳು ಬಂದಾಗ ಮಾತ್ರ ಗೊಂದಲ.

ಜಾಸ್ತಿ ಭಯ ಬ್ಲಡ್ ಕಲ್ಚರ್‌ನದ್ದು, ಅಂದ್ರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಬಟರ್‌ಫ್ಲೈ ಸೂಜಿ (ಉದ್ದ ಟ್ಯೂಬ್ ಇರುವ ಚಿಕ್ಕ ಸೂಜಿ) ಆದರೆ ಏರೋಬಿಕ್ (ಆಮ್ಲಜನಕ ಬೇಕಾದ ಬ್ಯಾಕ್ಟೀರಿಯಾದ) ಬಾಟಲಿ ಮೊದಲು, ಯಾಕಂದ್ರೆ ಟ್ಯೂಬಿನಲ್ಲಿರುವ ಗಾಳಿ ಅದಕ್ಕೇ ಹೋಗಬೇಕು. ಸಿರಿಂಜ್ ಆದರೆ ಅನೇರೋಬಿಕ್ (ಆಮ್ಲಜನಕ ಇಲ್ಲದೆ ಬೆಳೆಯುವ ಬ್ಯಾಕ್ಟೀರಿಯಾದ್ದು) ಮೊದಲು. ಇದು ಅರ್ಥವಾಗಿದೆ. ಆದರೆ ಮೊನ್ನೆ ಅಭ್ಯಾಸದಲ್ಲಿ ಕ್ಲೋರ್‌ಹೆಕ್ಸಿಡಿನ್ (ಚರ್ಮ ಸ್ವಚ್ಛ ಮಾಡುವ ಸೋಂಕುನಾಶಕ) ಹಚ್ಚಿ, ಒಣಗಲು ಬಿಟ್ಟು, ರಕ್ತನಾಳ ಸಿಗಲಿಲ್ಲ ಅಂತ ಅದೇ ಜಾಗವನ್ನು ಮತ್ತೆ ಬೆರಳಿಂದ ಒತ್ತಿ ನೋಡಿಬಿಟ್ಟೆ. ಶುರುವಿಂದ ಮತ್ತೆ ಸ್ವಚ್ಛ ಮಾಡಬೇಕಾಯಿತು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಸೇರಿದರೆ ರೋಗಿಗೆ ಸುಮ್ನೆ ಆಂಟಿಬಯಾಟಿಕ್ ಕೊಡುವ ಹಾಗಾಗುತ್ತದೆ, ಅಲ್ವಾ? ಒಮ್ಮೆ ಸ್ವಚ್ಛ ಮಾಡಿದ ಮೇಲೆ ಮುಟ್ಟದೆ ರಕ್ತನಾಳದ ಜಾಗ ಗುರುತಿಟ್ಟುಕೊಳ್ಳಲು ನೀವು ಏನು ಮಾಡುತ್ತೀರಿ?

ಇನ್ನೊಂದು, ಸ್ಯಾಂಪಲ್ ಸಾಗಿಸುವ ವಿಷಯ. ಅಮೋನಿಯಾ ಐಸ್ ನೀರಿನಲ್ಲಿ, ಕೋಲ್ಡ್ ಅಗ್ಲುಟಿನಿನ್ (ತಣ್ಣಗಾದರೆ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಪ್ರತಿಕಾಯ) 37 ಡಿಗ್ರಿ ಬಿಸಿಯಲ್ಲಿ, ಬಿಲಿರುಬಿನ್ (ಕಾಮಾಲೆಯಲ್ಲಿ ಹೆಚ್ಚಾಗುವ ಹಳದಿ ವಸ್ತು) ಬೆಳಕು ತಾಗದಂತೆ. 'ಕೋಲ್ಡ್' ಅನ್ನೋ ಹೆಸರು ನೋಡಿ ಪ್ರತಿ ಸಲ ಐಸ್ ಕಡೆ ಕೈ ಹೋಗುತ್ತದೆ! ನೆನಪಿಡಲು ಸುಲಭದ ದಾರಿ ಇದ್ದರೆ ಹೇಳಿ.

ಟ್ರಫ್ ಅಂದರೆ ರಕ್ತದಲ್ಲಿ ಔಷಧಿಯ ಮಟ್ಟ ಅತಿ ಕಡಿಮೆ ಇರುವಾಗಿನ ಸ್ಯಾಂಪಲ್, ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ತೆಗೆಯುವುದು, ಗೊತ್ತು. ಆದರೆ ನಾವು ಹೋಗುವಷ್ಟರಲ್ಲಿ ನರ್ಸ್ ಡೋಸ್ ಕೊಟ್ಟಾಗಿದ್ದರೆ ಮೊದಲು ಯಾರಿಗೆ ತಿಳಿಸುತ್ತೀರಿ? ಫಾರ್ಮಿನಲ್ಲಿ ಏನಂತ ಬರೆಯುತ್ತೀರಿ?

ಕೆಲಸದಲ್ಲಿರುವ ಅಕ್ಕ, ಅಣ್ಣಂದಿರು ದಯವಿಟ್ಟು ನಿಮ್ಮ ಅನುಭವ ತಿಳಿಸಿ. ಮುಂದಿನ ವಾರ ನನಗೆ ಪ್ರಾಯೋಗಿಕ ಪರೀಕ್ಷೆ ಇದೆ.