ತೂಕ ಇಳಿಸಲು ಹೊಟ್ಟೆ ಸಣ್ಣ ಮಾಡುವ ಸ್ಲೀವ್ ಆಪರೇಷನ್ ಆಗಿ ಎಂಟು ತಿಂಗಳು, ತೂಕ 94ಕ್ಕೆ ಬಂದು ನಿಂತಿದೆ. ಅನುಭವ ಇದ್ದವರು ಹೇಳಿ

ಕೇಶ್ವಾಪುರದಾಕಿ:
ಎಲ್ಲರಿಗೂ ನಮಸ್ಕಾರ. ವಯಸ್ಸು 41, ಎತ್ತರ ಐದಡಿ ಎರಡಿಂಚು. ಆಪರೇಷನ್ ಹೊತ್ತಿಗೆ 118 ಕೆಜಿ ಇದ್ದೆ. ಮೊದಲ ನಾಲ್ಕೈದು ತಿಂಗಳು ಸರಸರ ಇಳಿಯಿತು. ದಸರಾದಿಂದ ಸಂಕ್ರಾಂತಿ ತನಕ 94 ಬಿಟ್ಟು ಕದಲಿಲ್ಲ. ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಥೈರಾಯ್ಡ್ ಇಲ್ಲ, ಶುಗರ್ ಇಲ್ಲ. ಸಂಜೆ ವಾಕಿಂಗ್ ತಪ್ಪಿಸುವುದಿಲ್ಲ. ಮನೆಗೆ ಯಾರೇ ಬಂದರೂ ಅತ್ತೆ "ಹೊಟ್ಟಿ ಕೊಯ್ಸ್ಕೊಂಡ್ರೂ ಅಷ್ಟ ಆತಲ್ಲ" ಅನ್ನುತ್ತಾರೆ. ನಿಮಗೆ ಹೀಗೆ ನಿಂತಾಗ ಏನು ಮಾಡಿದಿರಿ? ಮತ್ತೆ ಇಳಿಯಿತಾ?

ಧಾರವಾಡ ಬೈಪಾಸ್:
ತಂಗಿ, ನನ್ನದು ಸ್ಲೀವ್ ಅಲ್ಲ, ಬೈಪಾಸ್. ಹೃದಯದ್ದಲ್ಲ, ಹೊಟ್ಟೆ ಸಣ್ಣ ಮಾಡಿ ಕರುಳಿಗೆ ಅಡ್ಡದಾರಿ ಜೋಡಿಸುವುದು. ನನಗೆ ಹುಳಿತೇಗು, ಎದೆಯುರಿ ಮೊದಲಿನಿಂದ ಇತ್ತು. ಸ್ಲೀವ್ ಮಾಡಿಸಿದರೆ ಅದು ಇನ್ನೂ ಜಾಸ್ತಿ ಆಗಬಹುದು ಅಂತ ಡಾಕ್ಟರ್ ಹೇಳಿದರು. ಶುಗರ್ ಬೇರೆ ಇತ್ತು, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ. ಈಗ ಅದು ಪೂರ್ತಿ ಬಂದ್. ಬೈಪಾಸ್ ಅಂದರೆ ಎಲ್ಲರೂ ಹೆದರಿಸುತ್ತಾರೆ, ಅದಕ್ಕೆ ಇದನ್ನು ಮೊದಲೇ ಹೇಳಿಬಿಟ್ಟೆ.

ಖರ್ಚು ಕೇಳಿ. ಪ್ಯಾಕೇಜ್ 3,40,000 ಅಂದಿದ್ದರು. ಬಿಲ್ ಬಂದದ್ದು 4,12,600. ಹೊಟ್ಟೆಗೆ ಪಿನ್ ಹೊಡೆಯುವ ಸ್ಟೇಪ್ಲರ್ ಕಾರ್ಟ್ರಿಡ್ಜ್ ಜಾಸ್ತಿ ಬೇಕಾಯಿತಂತೆ, ಅದಕ್ಕೇ 31,000. ಐಸಿಯುದಲ್ಲಿ ಒಂದು ರಾತ್ರಿ 16,500. ಉಳಿದದ್ದು ಔಷಧಿ, ಟೆಸ್ಟು, ಇನ್ನೂ ಏನೇನೋ. ವಿಮೆಯವರು "ಇದು ಸೌಂದರ್ಯದ ಆಪರೇಷನ್" ಅಂತ ಅರ್ಜಿ ವಾಪಸ್ ಕಳಿಸಿದರು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಇದ್ದರೆ, ಇಲ್ಲವೇ 35 ದಾಟಿ ಜೊತೆಗೆ ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಇದ್ದರೆ ಹಾಗೆ ಸುಮ್ನೆ ತಳ್ಳಿಹಾಕಲು ಬರುವುದಿಲ್ಲ, 2019ರಲ್ಲೇ ವಿಮೆ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಹೇಳಿದೆ. ಅದರ ಪ್ರಿಂಟ್ ತೆಗೆದು ಹಚ್ಚಿ ಕಳಿಸಿದ ಮೇಲೆ 2,65,000 ಕೊಟ್ಟರು. ಕೈಗವಸು, ಡ್ರೆಸಿಂಗ್, ಹತ್ತಿ ಎಲ್ಲಾ ಕಡಿತ. ಹತ್ತಿಗೆ ದುಡ್ಡು ಹಿಡಿದರು ಕಣ್ರೀ!

ತೂಕ ನನ್ನದೂ 101ಕ್ಕೆ ನಿಂತಿತ್ತು. ಯುನಿವರ್ಸಿಟಿ ಕ್ಯಾಂಪಸ್‌ನಲ್ಲಿ ವಾಕಿಂಗ್ ಜಾಸ್ತಿ ಮಾಡಿ ನೋಡಿದೆ, ನೂರು ಗ್ರಾಮೂ ಇಳಿಯಲಿಲ್ಲ. ಜಿಮ್‌ನಲ್ಲಿ ಭಾರ ಎತ್ತಲು ಶುರು ಮಾಡಿದ ಮೇಲೆ ಕದಲಿತು. ಈಗ 86. ನನಗೆ ಕಂಡ ಹಾಗೆ, ಹೀಗೆ ಮಧ್ಯದಲ್ಲಿ ನಿಲ್ಲುವವರೆಲ್ಲ ಸ್ಲೀವ್‌ನವರೇ. ಅದು ಅರ್ಧ ಕೆಲಸ.

ಗದಗ ಟೀಚರ್:
ಅರ್ಧ ಕೆಲಸ ಅಂದರೇನ್ರೀ ಸರ್? ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ಹೊರಗೆ ಹಾಕಿದ್ದಾರೆ ನಮ್ಮದು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ತಯಾರಾಗುವುದೇ ಆ ಭಾಗದಲ್ಲಿ. ನಿಮ್ಮದೂ 101ಕ್ಕೆ ನಿಂತಿತ್ತು ಅಂತ ನೀವೇ ಬರೆದಿದ್ದೀರಿ, ಮೇಲೆ ಹೋಗಿ ಇನ್ನೊಮ್ಮೆ ಓದಿಕೊಳ್ಳಿ.

ನನ್ನ ಕತೆ ಹೇಳುತ್ತೇನೆ. ನನಗೆ ತೂಕ ನಿಲ್ಲುವ ಮೊದಲು ಕೂದಲು ಹೋಯಿತು. ತಲೆ ಸ್ನಾನ ಮಾಡಿದರೆ ಬಚ್ಚಲ ಜಾಲರಿ ಮೇಲೆ ಮುಷ್ಟಿ ತುಂಬ ಕೂದಲು, ಸೋಪಿನ ನೊರೆ ಜೊತೆ ಸುತ್ತಿಕೊಂಡು ನೀರೇ ಹೋಗುತ್ತಿರಲಿಲ್ಲ. ಕಡ್ಡಿಯಿಂದ ಎತ್ತಿ ತೆಗೆಯಬೇಕಿತ್ತು. ಮೂರರಿಂದ ಆರು ತಿಂಗಳ ನಡುವೆ ಇದು ಬಹಳ ಜನರಿಗೆ ಆಗುತ್ತದೆ, ಆಮೇಲೆ ಬರುತ್ತದೆ ಅಂತ ಡಾಕ್ಟರ್ ಅಂದರು. ಹೇಳುವುದು ಸುಲಭ, ಬೈತಲೆ ಅಗಲ ಆಗುವುದು ನಮ್ಮದಲ್ವಾ? ರಕ್ತ ಪರೀಕ್ಷೆ ಮಾಡಿಸಿದರೆ ಕಬ್ಬಿಣದ ಅಂಶ ತಳ ಕಂಡಿತ್ತು. ಸಲೈನ್‌ನಲ್ಲಿ ಕಬ್ಬಿಣ ಹಾಕಿಸಿದೆ, ಒಂದು ಸಲಕ್ಕೆ 3,800. ಬಿ12 ಇಂಜೆಕ್ಷನ್ ಬೇರೆ. ಕ್ಯಾಲ್ಸಿಯಂ ಸಿಟ್ರೇಟ್, ಡಿ ವಿಟಮಿನ್, ಮಲ್ಟಿವಿಟಮಿನ್ ಎಲ್ಲಾ ಸೇರಿ ತಿಂಗಳಿಗೆ 1,900. ಇದು ಸಾಯುವ ತನಕ ತೆಗೆದುಕೊಳ್ಳಬೇಕು, ಪ್ಯಾಕೇಜ್ ಲೆಕ್ಕದಲ್ಲಿ ಯಾರೂ ಇದನ್ನು ಹಿಡಿಯುವುದಿಲ್ಲ.

ಇನ್ನೊಂದು. ನನಗೆ ಥೈರಾಯ್ಡ್ ಇದೆ. ಬೆಳಿಗ್ಗೆ ಆ ಮಾತ್ರೆ, ಅದರ ಹಿಂದೆಯೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತಿದ್ದೆ. ಥೈರಾಯ್ಡ್ ಟೆಸ್ಟಿನಲ್ಲಿ ಟಿಎಸ್‌ಎಚ್ ಏರಿ ಕೂತಿತು. ಕ್ಯಾಲ್ಸಿಯಂ, ಕಬ್ಬಿಣ ಎರಡೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ತಾಸು ದೂರ ಇರಬೇಕು ಅಂತ ಆ ದೊಡ್ಡ ಆಸ್ಪತ್ರೆಯ ಡಯಟೀಷಿಯನ್ ಒಂದು ಮಾತು ಹೇಳಲಿಲ್ಲ. ಇಲ್ಲೇ ಗದುಗಿನಲ್ಲಿ ಔಷಧ ಅಂಗಡಿಯ ಹುಡುಗ ಹೇಳಿದ.

ಮತ್ತೆ ತಂಗಿ, ತೂಕದ ಮಷಿನ್ ಮೇಲೆ ದಿನಾ ಹತ್ತಬೇಡ. ನನ್ನ ತೂಕ ನಿಂತ ಆ ತಿಂಗಳುಗಳಲ್ಲೇ ಟೇಲರ್ ಬ್ಲೌಸಿನ ಪಕ್ಕದ ಹೊಲಿಗೆ ಮತ್ತೆ ಮತ್ತೆ ಒಳಗೆ ಹಿಡಿದಳು. ಹಿಡಿದದ್ದಕ್ಕೆ ಪ್ರತಿ ಬ್ಲೌಸಿಗೆ 60 ರೂಪಾಯಿ. ಕೊನೆಗೆ "ಟೀಚರ್, ಇನ್ನು ಬಟ್ಟೆ ಇಲ್ಲ, ಹೊಸದು ಹೊಲಿಸಿ" ಅಂದಳು.

ಬ್ಯಾಡಗಿ ಅಂಗಡಿ:
ಎಲ್ಲರೂ ಇಳಿದದ್ದೇ ಹೇಳುತ್ತಿದ್ದೀರಿ. ನನ್ನದು ವಾಪಸ್ ಏರಿದೆ. 131ರಿಂದ 89ಕ್ಕೆ ಬಂದಿದ್ದೆ, ಈಗ ಮತ್ತೆ 100. ಸ್ಲೀವ್ ಆಗಿ ನಾಲ್ಕನೇ ವರ್ಷ ಇದು.

ನನ್ನದು ಮೆಣಸಿನಕಾಯಿ ವ್ಯಾಪಾರ. ಸೀಸನ್‌ನಲ್ಲಿ ಮಾರ್ಕೆಟ್ ಯಾರ್ಡಿಗೆ ಬಂದು ನೋಡಿ. ಬೆಳಿಗ್ಗೆಯಿಂದ ಘಾಟು, ಗಂಟಲು ಒಣಗುತ್ತದೆ. ರೈತ ಬಂದರೆ ಚಹಾ, ಖರೀದಿದಾರ ಬಂದರೆ ಚಹಾ, ರೇಟ್ ಕುದುರಿದರೆ ಚಹಾ, ಕುದುರದಿದ್ದರೂ ಚಹಾ. ಬೇಡ ಅಂದರೆ ಸಿಟ್ಟಿನಲ್ಲಿದ್ದಾನೆ ಅಂತ ತಿಳಿಯುತ್ತಾರೆ. ರೊಟ್ಟಿ ಒಂದು ತಿಂದರೆ ಹೊಟ್ಟೆ ಬಿಗಿಯುತ್ತದೆ, ಆದರೆ ಸಕ್ಕರೆ ಚಹಾ ಎಷ್ಟು ಕುಡಿದರೂ ಜಾರಿ ಹೋಗುತ್ತದೆ. ಸಣ್ಣ ಹೊಟ್ಟೆ ಅದನ್ನು ತಡೆಯುವುದೇ ಇಲ್ಲ. ಐಸ್‌ಕ್ರೀಮ್, ಚುರುಮುರಿ, ಬಿಸ್ಕತ್ತು ಎಲ್ಲಾ ಇದೇ ಜಾತಿ. ಇದನ್ನು ಆಪರೇಷನ್ ಮಾಡುವ ಮೊದಲು ಯಾರೂ ಬಿಡಿಸಿ ಹೇಳುವುದಿಲ್ಲ.

ಈಗ ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ನಡೆದಿದೆ. 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು. ಆಗ 2.5 ಮಿಲಿಗ್ರಾಂ ವಯಲ್‌ಗೆ 3,500, 5 ಮಿಲಿಗ್ರಾಂಗೆ 4,375. ವಾರಕ್ಕೊಂದು ಅಂದರೆ ತಿಂಗಳಿಗೆ 14,000, ಡೋಸ್ ಏರಿಸಿದರೆ 17,500. ನಮ್ಮ ಅಂಗಡಿಯ ಇಬ್ಬರು ಹಮಾಲರ ತಿಂಗಳ ದುಡಿಮೆ ಸುಮಾರು ಅಷ್ಟೇ ಇದೆ, ನನಗೇ ನಾಚಿಕೆ ಆಗುತ್ತದೆ. ಆಪರೇಷನ್‌ಗೆ ಹೊಲದ ಮೇಲೆ ಸಾಲ ತೆಗೆದಿದ್ದೆ. ಈ ಇಂಜೆಕ್ಷನ್ ನಾಲ್ಕು ವರ್ಷ ಮೊದಲೇ ಬಂದಿದ್ದರೆ ಹೊಟ್ಟೆಗೆ ಕತ್ತರಿ ಯಾಕೆ ಹಾಕಿಸುತ್ತಿದ್ದೆ? ತಂಗಿ, ನೀನೂ ಕೇಳಿ ನೋಡು.

ನವನಗರ ಸಿಸ್ಟರ್:
ಅಣ್ಣಾರೆ, ಹಾಗೆಲ್ಲ ಸಲಹೆ ಕೊಡಬೇಡಿ. ಎಂಟು ತಿಂಗಳಿಗೆ ಇಂಜೆಕ್ಷನ್ ಯಾಕೆ? ಸ್ಲೀವ್ ಆದವರಿಗೆ ತೂಕ ಇಳಿಯುವುದು ಒಂದರಿಂದ ಒಂದೂವರೆ ವರ್ಷದ ತನಕ ನಡೆಯುತ್ತದೆ, ನಡುವೆ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ತೂಕ ಕಡಿಮೆ ಆದ ಹಾಗೆ ದೇಹ ಸುಡುವ ಕ್ಯಾಲರಿಯೂ ಕಡಿಮೆ ಆಗುತ್ತದೆ, ಸ್ನಾಯು ಕರಗಿದರಂತೂ ಇನ್ನೂ ಕಡಿಮೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೋಗುತ್ತಿದೆಯಾ ಅಂತ ಅವರನ್ನು ಯಾರಾದರೂ ಕೇಳಿದಿರಾ? ಒಂದು ವಾಟಿ ಬೇಳೆ ಸಾರಿನಲ್ಲಿ 6-7 ಗ್ರಾಂ ಇದ್ದರೆ ಹೆಚ್ಚು. ನಾನು ವಾರ್ಡಿನಲ್ಲಿ ಇಂಥವರನ್ನು ದಿನಾ ನೋಡುತ್ತೇನೆ, ನನ್ನ ಅಕ್ಕನೇ ಮಾಡಿಸಿಕೊಂಡಿದ್ದಾಳೆ.

ಬ್ಯಾಡಗಿ ಅಂಗಡಿ:
ಸಿಸ್ಟರ್, ನಾನು ಡಾಕ್ಟರ್ ಚೀಟಿ ಮೇಲೆಯೇ ತೆಗೆದುಕೊಳ್ಳುವುದು. ಕೇಳಿ ನೋಡು ಅಂದೆ, ಚುಚ್ಚಿಕೋ ಅನ್ನಲಿಲ್ಲ. ಅಕ್ಕ ಮಾಡಿಸಿಕೊಂಡರೆ ನಿಮಗೆ ಹಸಿವು ಗೊತ್ತಾಗುತ್ತಾ?

ಧಾರವಾಡ ಬೈಪಾಸ್:
ಪ್ರೋಟೀನ್‌ಗೆ ನಮ್ಮಲ್ಲಿ ಏನು ಕೊರತೆ ಇದೆ? ದಿನಾ ಶೇಂಗಾ ಹಿಂಡಿ (ಚಟ್ನಿಪುಡಿ), ಜೋಳದ ರೊಟ್ಟಿ ತಿಂದರೆ ಸಾಕು. ಸುಮ್ನೆ ಪೌಡರ್ ಡಬ್ಬಿಗೆ 3,200 ಸುರಿಯುತ್ತಾರೆ.

ಗದಗ ಟೀಚರ್:
ನೂರು ಗ್ರಾಂ ಶೇಂಗಾದಲ್ಲಿ ಪ್ರೋಟೀನ್ 25 ಗ್ರಾಂ, ಕ್ಯಾಲರಿ 560ರ ಮೇಲೆ. ಆಕೆ ತೂಕ ಇಳಿಸಬೇಕಾ, ಏರಿಸಬೇಕಾ? ಸಸ್ಯಾಹಾರಿ ಅಂದಿದ್ದಾಳೆ. ಪನೀರ್, ಗಟ್ಟಿಯಾದ ಮೊಸರು, ಸೋಯಾ, ಮೊಳಕೆ ಬಂದ ಹೆಸರುಕಾಳು, ಇವನ್ನು ಮೊದಲು ತಿಂದು ರೊಟ್ಟಿಯನ್ನು ಕೊನೆಗೆ ಮುರಿಯಬೇಕು. ಶೇಂಗಾ ಹಿಂಡಿ ಅಂತೆ.

ಧಾರವಾಡ ಬೈಪಾಸ್:
ಟೀಚರ್, ನೀವು ಕ್ಲಾಸ್ ತೆಗೆದುಕೊಳ್ಳಬೇಡಿ. ಸ್ಲೀವ್‌ನವರು ಪೇಡೆ ತಿಂದು ಅರಗಿಸಿಕೊಳ್ಳುತ್ತೀರಿ, ಅದಕ್ಕೇ ತೂಕ ನಿಲ್ಲುವುದು. ನಾನು ಧಾರವಾಡದಲ್ಲಿ ಹುಟ್ಟಿ ಬೆಳೆದವನು, ಒಂದು ಪೇಡೆ ಬಾಯಿಗೆ ಹಾಕಿದರೆ ಅರ್ಧ ತಾಸಿನಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಬಚ್ಚಲಿಗೆ ಓಟ. ಡಂಪಿಂಗ್ ಅನ್ನುತ್ತಾರೆ. ಬೈಪಾಸ್‌ನ ಕಾವಲು ಅದು.

ಗದಗ ಟೀಚರ್:
ಬೆವರಿ ಓಡುವುದಕ್ಕೆ ನಾಲ್ಕು ಲಕ್ಷ ಕೊಟ್ಟು ಹೆಮ್ಮೆ ಬೇರೆ.

ರಾಣೆಬೆನ್ನೂರು ಮಗ:
ಅಮ್ಮನಿಗೆ ಬೆಂಗಳೂರಿನಲ್ಲಿ ಬೈಪಾಸ್ ಮಾಡಿಸಿದ್ದೇವೆ. ಫಾಲೋಅಪ್‌ಗೆ ಹೋದಾಗಲೆಲ್ಲ ಟ್ರೈನ್, ಆಟೋ, ಲಾಡ್ಜ್ ಸೇರಿ 6,000 ಹೋಗುತ್ತದೆ. ಹುಬ್ಬಳ್ಳಿಯಲ್ಲೇ ಮಾಡಿಸಬೇಕಿತ್ತು ಅಂತ ಅಪ್ಪ, ಬೆಂಗಳೂರೇ ಸರಿ ಅಂತ ಅಮ್ಮ, ಇನ್ನೂ ಜಗಳ ಮುಗಿದಿಲ್ಲ. ಒಂದು ಕೇಳಬೇಕಿತ್ತು, ಅಮ್ಮನ ಮೊಣಕಾಲು ನೋವಿಗೆ ಬ್ರೂಫೆನ್ ಕೊಡಬಹುದಾ?

ನವನಗರ ಸಿಸ್ಟರ್:
ಕೊಡಬೇಡಿ! ಬೈಪಾಸ್ ಆದವರಿಗೆ ಆ ಗುಂಪಿನ ನೋವಿನ ಮಾತ್ರೆಯಿಂದ ಹೊಟ್ಟೆ ಹುಣ್ಣಾಗುವ ಭಯ ಇದೆ. ಸರ್ಜನ್‌ಗೆ ಫೋನ್ ಮಾಡಿ ಕೇಳಿ, ಬೆಂಗಳೂರಾದರೇನು, ಫೋನ್ ಇದೆಯಲ್ಲ.

ಧಾರವಾಡ ಬೈಪಾಸ್:
ಹುಬ್ಬಳ್ಳಿಯಲ್ಲಿ ಈಗ ಎಲ್ಲಾ ಆಗುತ್ತದೆ. ಬೆಂಗಳೂರಿಗೆ ಓಡುವವರು ದುಡ್ಡು ಜಾಸ್ತಿ ಆದವರು.

ರಾಣೆಬೆನ್ನೂರು ಮಗ:
ದುಡ್ಡು ಜಾಸ್ತಿ ಆದವರಾ? ಟ್ರ್ಯಾಕ್ಟರ್ ಮಾರಿದ್ದೇವೆ ಸರ್. ಗೊತ್ತಿಲ್ಲದೆ ಮಾತಾಡಬೇಡಿ.

ಕೇಶ್ವಾಪುರದಾಕಿ:
ಜಗಳ ಬೇಡ್ರೀ. ಸಿಸ್ಟರ್ ಕೇಳಿದ್ದಕ್ಕೆ ನಿನ್ನೆ ತಿಂದದ್ದೆಲ್ಲ ಬರೆದು ಲೆಕ್ಕ ಹಾಕಿದೆ, ಪ್ರೋಟೀನ್ 38 ಗ್ರಾಂ ಬಂತು. ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗುತ್ತೇನೆ. ಪೌಡರ್ ಯಾವುದು ಒಳ್ಳೆಯದು? ಮೊದಲು ತಂದದ್ದು ಬಾಯಿಗೆ ಇಟ್ಟರೆ ವಾಕರಿಕೆ ಬರುತ್ತಿತ್ತು.

ಗದಗ ಟೀಚರ್:
ಫ್ಲೇವರ್ ಇಲ್ಲದ್ದು ತಗೋ, ಮಜ್ಜಿಗೆಗೆ ಜೀರಿಗೆ ಪುಡಿ ಹಾಕಿ ಕಲಸಿದರೆ ಗೊತ್ತೇ ಆಗುವುದಿಲ್ಲ. ನನ್ನ ಹತ್ತಿರ ಚಾಕೊಲೇಟ್ ಡಬ್ಬಿ ಮುಕ್ಕಾಲು ಉಳಿದಿದೆ, ಅರ್ಧ ರೇಟಿಗೆ ಕೊಡುತ್ತೇನೆ. ಯಾರಿಗಾದರೂ ಬೇಕಾ?

ಧಾರವಾಡ ಬೈಪಾಸ್:
ಎಕ್ಸ್‌ಪೈರಿ ಯಾವಾಗ ಇದೆ?

ಗದಗ ಟೀಚರ್:
ನಿಮಗೆ ಶೇಂಗಾ ಹಿಂಡಿ ಸಾಕಲ್ವಾ ಸರ್?