ಟೇಬಲನ್ನು ಕಾಲಂ ಪ್ರಕಾರ ಒಡೆದರೆ 4ರ ಬದಲು 6 ಬರುತ್ತಿದೆ, ತಲೆ ಕೆಟ್ಟುಹೋಗಿದೆ

ಮಂಡಿ_ಹುಡುಗ (ಕೋಲಾರ): ಮೂರು ದಿನದಿಂದ ಇದೇ ಗೋಳು. ನಮ್ಮ ಮಂಡಿಯ ರೇಟು ಪಟ್ಟಿ ಪ್ಯಾಂಡಾಸ್‌ನಲ್ಲಿದೆ (ಪೈಥಾನ್‌ನಲ್ಲಿ ಟೇಬಲ್ ಲೆಕ್ಕ ಮಾಡೋ ಲೈಬ್ರರಿ). ಸಾಲುಗಳ ಗುರುತಿಗೆ (ಇಂಡೆಕ್ಸ್) ದಿನಾಂಕ, ಆಮೇಲೆ ಒಂದೊಂದು ತರಕಾರಿಗೂ ಮೂರು ಕಾಲಂ: ಕನಿಷ್ಠ, ಗರಿಷ್ಠ, ಬಾಕ್ಸ್. ಹೆಸರನ್ನು ಅಂಡರ್‌ಸ್ಕೋರ್ ಹತ್ತಿರ ಕತ್ತರಿಸಿ, ಮೊದಲ ತುಂಡು ಒಂದೇ ಆಗಿರುವ ಕಾಲಂಗಳನ್ನೆಲ್ಲ ಒಂದು ಟೇಬಲ್ ಮಾಡಿ ತರಕಾರಿ ಹೆಸರಲ್ಲಿ ಡಿಕ್ಷನರಿಗೆ ಹಾಕುತ್ತೇನೆ. ತರಕಾರಿ ಇರೋದು ನಾಲ್ಕು, ಟೇಬಲ್ ಬರೋದು ಆರು! ಕೋಡ್ ಸರಿಯಾಗೇ ಇದೆ, ನೂರು ಸಲ ನೋಡಿದ್ದೇನೆ.

ಚಿಂತಾಮಣಿ_ಕೋಡರ್: ಹೆಸರಿನ ಕೊನೆಗೆ ಸ್ಪೇಸ್ ಇರುತ್ತೆ. ಸ್ಟ್ರಿಪ್ ಹಾಕಿ, ತುದಿಯ ಸ್ಪೇಸೆಲ್ಲ ಹೋಗುತ್ತೆ. ಮುಗೀತು.

ಮಂಡಿ_ಹುಡುಗ: ಹಾಕಿದೆ. ಆರೇ.

ಚಿಂತಾಮಣಿ_ಕೋಡರ್: ಕತ್ತರಿಸೋ ಮುಂಚೆ ಹಾಕಿದಿರೋ ಆಮೇಲೋ? ಮುಂಚೆ ಹಾಕಿದರೆ ಅಂಡರ್‌ಸ್ಕೋರ್ ಪಕ್ಕದ ಸ್ಪೇಸ್ ಹಾಗೇ ಉಳಿಯುತ್ತೆ.

ಮಂಡಿ_ಹುಡುಗ: ಎರಡೂ ಮಾಡಿದೆ ಅಣ್ಣ. ಆರೇ.

ಗುಬ್ಬಿ_ಅಡಿಕೆ: ಗ್ರೂಪ್‌ಬೈಗೆ (ಗುಂಪು ಮಾಡೋ ಕಮಾಂಡ್) ಆಕ್ಸಿಸ್=1, ಅಂದರೆ ಕಾಲಂ ಪ್ರಕಾರ ಅಂತ, ಕೊಟ್ಟಿದ್ದೀರಾ? ಪ್ಯಾಂಡಾಸ್ 2.1ರಲ್ಲೇ ಅದಕ್ಕೆ ಎಚ್ಚರಿಕೆ ಬರೋಕೆ ಶುರುವಾಗಿತ್ತು. ಟೇಬಲನ್ನು ಟ್ರಾನ್ಸ್‌ಪೋಸ್ ಮಾಡಿ (ಸಾಲು, ಕಾಲಂ ಅದಲುಬದಲು), ಗ್ರೂಪ್ ಮಾಡಿ, ಮತ್ತೆ ತಿರುಗಿಸಿ. ನಮ್ಮ ಅಡಿಕೆ ಲೆಕ್ಕ ಹಾಗೇ ಮಾಡೋದು, 64 ಜಿಬಿ ರ‍್ಯಾಮ್ ಹಾಕಿಸಿದ ಮೇಲಂತೂ 12 ವರ್ಷದ ಪಟ್ಟಿ ಒಂದೇ ಏಟಿಗೆ ಆಗಿಹೋಗುತ್ತೆ.

ಚಿಂತಾಮಣಿ_ಕೋಡರ್: ಅಂಕಿ, ಅಕ್ಷರ ಬೆರೆತಿರೋ ಟೇಬಲನ್ನು ತಿರುಗಿಸಿದರೆ ಎಲ್ಲ ಆಬ್ಜೆಕ್ಟ್ ಟೈಪ್ ಆಗಿಬಿಡುತ್ತೆ ಸ್ವಾಮಿ, ಅಂಕಿ ಟೈಪ್ ಉಳಿಯಲ್ಲ. ಅಡಿಕೆ ಲೆಕ್ಕಕ್ಕೆ 64 ಜಿಬಿ ಯಾಕೆ?

ಗುಬ್ಬಿ_ಅಡಿಕೆ: ನನ್ನ ದುಡ್ಡು, ನನ್ನ ರ‍್ಯಾಮ್.

ಶಿಡ್ಲಘಟ್ಟ_ಗೂಡು: ಜಗಳ ಆಮೇಲೆ ಆಡಿ. ಆ ಆರು ಟೇಬಲ್ ಯಾವ್ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ?

ಮಂಡಿ_ಹುಡುಗ: ಬದನೆ, ಕ್ಯಾರೆಟ್ ಒಂದೊಂದೇ. ಟೊಮೆಟೊ ಎರಡು, ಎಲೆಕೋಸು ಎರಡು. ಒಂದು ಟೊಮೆಟೊದಲ್ಲಿ ಜೂನ್‌ವರೆಗೆ ರೇಟು ಇದೆ, ಆಮೇಲೆ ಪೂರ್ತಿ ಖಾಲಿ. ಇನ್ನೊಂದು ಉಲ್ಟಾ. ಹೇಳೋದು ಮರೆತೆ, ಕಾಲಂ ಹೆಸರು ಕನ್ನಡದಲ್ಲೇ ಇವೆ. ಎರಡು ಫೈಲ್ ಸೇರಿಸಿದ್ದು. ಜುಲೈದು ನಮ್ಮ ಭಾವ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು, ನೆಟ್‌ನಲ್ಲಿ ಸಿಕ್ಕ ಯಾವುದೋ ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಂಡೆ.

ಶಿಡ್ಲಘಟ್ಟ_ಗೂಡು: ಅಯ್ಯೋ ಗುರೂ, ಇದನ್ನ ಮೊದಲೇ ಹೇಳಬಾರದಾ! ಎರಡು ಟೊಮೆಟೊಗೂ ಲೆನ್ ಹಾಕಿ ನೋಡಿ, ಹೆಸರಲ್ಲಿ ಎಷ್ಟು ಯೂನಿಕೋಡ್ ಸಂಕೇತ ಇದೆ ಅಂತ ಎಣಿಸುತ್ತೆ.

ಮಂಡಿ_ಹುಡುಗ: ಒಂದಕ್ಕೆ 6, ಇನ್ನೊಂದಕ್ಕೆ 8. ಕಣ್ಣಿಗೆ ಎರಡೂ ಒಂದೇ ಕಾಣುತ್ತೆ!

ಶಿಡ್ಲಘಟ್ಟ_ಗೂಡು: ಅದೇ ನೋಡಿ. ಒತ್ವ ('ಟೊ'ದಲ್ಲಿರೋ ಸ್ವರಚಿಹ್ನೆ) ಒಂದೇ ಸಂಕೇತ ಆಗಿಯೂ ಇರಬಹುದು, ಎತ್ವ ಮತ್ತು ಕೊಂಬಿನ ಇಳಿ ಅಂತ ಎರಡಾಗಿಯೂ ಇರಬಹುದು. ಹಳೇ ಫಾಂಟ್‌ಗಳಲ್ಲಿ ತುಂಡು ತುಂಡಾಗಿಯೇ ಜೋಡಿಸುತ್ತಿದ್ದರು, ನಿಮ್ಮ ಕನ್ವರ್ಟರ್ ಅದನ್ನು ಹಾಗೇ ಬಿಟ್ಟಿದೆ. ಟೊಮೆಟೊದಲ್ಲಿ ಒತ್ವ ಎರಡು ಸಲ, ಅದಕ್ಕೇ 2 ಜಾಸ್ತಿ. ಎಲೆಕೋಸಿನ ಓತ್ವವೂ ಹೀಗೇ ಒಡೆದಿದೆ. ಬದನೆ, ಕ್ಯಾರೆಟ್‌ನಲ್ಲಿ ಒತ್ವವೂ ಇಲ್ಲ, ಓತ್ವವೂ ಇಲ್ಲ, ಬಚಾವಾದವು. ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ನಾರ್ಮಲೈಸ್ ಇದೆ, ಅದಕ್ಕೆ ಎನ್‌ಎಫ್‌ಸಿ (ಇಂಥ ತುಂಡುಗಳನ್ನು ಒಂದೇ ಸಂಕೇತ ಮಾಡೋ ರೂಪ) ಕೊಟ್ಟು ಕಾಲಂ ಹೆಸರೆಲ್ಲ ಸರಿ ಮಾಡಿ. ಎರಡು ಫೈಲ್ ಸೇರಿಸೋ ಮುಂಚೆಯೇ ಮಾಡಿ, ಆಮೇಲೆ ಮಾಡಿದರೆ ಒಂದೇ ಹೆಸರಿನ ಕಾಲಂ ಎರಡೆರಡು ಬಂದು ಕೂರುತ್ತೆ.

ಮಂಡಿ_ಹುಡುಗ: ನಾಲ್ಕು ಬಂತು!! ಭಾವನ ಮೇಲೆ ಸುಮ್ನೆ ರೇಗಾಡಿಬಿಟ್ಟಿದ್ದೆ.

ಚಿಂತಾಮಣಿ_ಕೋಡರ್: ಆದರೂ ಸ್ಟ್ರಿಪ್ ತೆಗೀಬೇಡಿ.

ತಿಪಟೂರು_ಕೊಬ್ಬರಿ: ನಂದೂ ಇದೇ ಕಥೆ, ಆದರೆ ಎನ್‌ಎಫ್‌ಸಿ ಹಾಕಿದರೂ "ಕ್ವಿಂಟಾಲ್" ಎರಡು ಬರುತ್ತೆ. ಲೆನ್ 9 ಮತ್ತು 10.

ಚಿಂತಾಮಣಿ_ಕೋಡರ್: ಸ್ಟ್ರಿಪ್ ಹಾಕಿದಿರಾ?

ಶಿಡ್ಲಘಟ್ಟ_ಗೂಡು: ಅದು ಬೇರೆ ರೋಗ. ಕೊನೆಯ ಅರ್ಧಾಕ್ಷರ ಆದಮೇಲೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ (ಅಕ್ಷರಗಳು ಕೂಡದಂತೆ ತಡೆಯೋ ಅಗಲವಿಲ್ಲದ ಗುರುತು) ಕೂತಿರಬೇಕು. ಎನ್‌ಎಫ್‌ಸಿ ಅದನ್ನು ಮುಟ್ಟಲ್ಲ, ಅದು ಸ್ಪೇಸ್ ಅಲ್ಲದ್ದರಿಂದ ಸ್ಟ್ರಿಪ್ಪೂ ಮುಟ್ಟಲ್ಲ. ರಿಪ್ಲೇಸ್ ಮಾಡಿ ತೆಗೀರಿ. ಹೋಗದಿದ್ದರೆ ಬೇರೆ ಪ್ರಶ್ನೆ ಹಾಕಿ, ನಾನು ಗೂಡಿನ ಮಾರ್ಕೆಟ್‌ಗೆ ಹೊರಟೆ.